ಖಾಲಿ ಕುರ್ಚಿ

ಒಂದು ಕುರ್ಚಿಯನ್ನು ಖಾಲಿ ಬಿಡಬೇಕೆ, ಬೇಡವೆ ಎಂಬುದು ಅಂಕಲಗಿಯ ಇತಿಹಾಸದ ಅತ್ಯಂತ ಗಂಭೀರ ಪ್ರಶ್ನೆಯಾಗಿ ಎದ್ದದ್ದು ೧೯೯೮ರ ಒಂದು ರವಿವಾರ ಮುಂಜಾನೆ. ಹೈಸ್ಕೂಲು ಮಾಸ್ತರ ಸನ್ಮತಿ ಬಿಡಲೇಬೇಕೆಂದ. ಹಿರಿಯರು ಯಾರಾದರೂ ಬಂದರೆ ನಿಲ್ಲಿಸಿಯೇ ಇಡುವುದೇ ಎಂದು ಮುದಿ ರೈತ ಲಗಮಪ್ಪ ಕೇಳಿದ.

"ಇದು ಬೀಗರ ಮನಿ ಅಲ್ರಿ ಕಾಕಾ. ಮನಸ್ಸು ಬೆಳಸೋ ಗುಂಪ."

ಎರಡನೆಯ ಮಹಾಯುದ್ಧದ ಬೆನ್ನಿಗೆ ಅಮೆರಿಕದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಮೈಬಿಟ್ಟು ಬೆಳೆದ ಇಂಥ ಗುಂಪು, ಪುಣೆಯ ಶಿಬಿರ ಮುಗಿಸಿ ಬಂದ ಸನ್ಮತಿಯ ಜೊತೆ ಊರಿಗೆ ಇಳಿದಿತ್ತು. ರೋಗವಿಲ್ಲದವರಿಗೂ ಚಿಕಿತ್ಸೆ ಎಂಬುದು ಅದರ ವಿಶೇಷ. ದುಂಡಗೆ ಕೂತು ಖರೆ ಮಾತಾಡಬೇಕು. ಒಬ್ಬನ ಸರದಿಯಲ್ಲಿ ಉಳಿದವರು ಬಾಯಿ ಬಿಡಬಾರದು. ಸಿಟ್ಟಿದ್ದವನು ಖಾಲಿ ಕುರ್ಚಿಯಲ್ಲಿ ವೈರಿ ಕೂತಿದ್ದಾನೆಂದು ಭಾವಿಸಿ ಅಲ್ಲಿಟ್ಟ ತಲೆದಿಂಬಿಗೆ ಹೊಡೆಯಬೇಕು. ಪುಣೆಯಲ್ಲಿ ಸ್ಪಂಜಿನ ಬ್ಯಾಟಿತ್ತು. ಇಲ್ಲಿ ಕಬ್ಬಿನ ಗಳ.

ಗುಂಪು ಸೇರಿದ್ದ ಮುತ್ತಪ್ಪನಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತು. ಅವನ ಹೊಡೆತ ತಾಳದೆ ಹೆಂಡತಿ ಸೀತವ್ವ ಕುಲಗೋಡದ ತವರು ಸೇರಿದ್ದಳು. ಕೈ ಹತೋಟಿಗೆ ಬಂದರೆ ಮಾತ್ರ ತಿರುಗಿ ಬರುವುದೆಂದಿದ್ದಳು. ತಮ್ಮನು ಈ ಗುಂಪಿಗೆ ಹೋಗುತ್ತಿದ್ದಾನೆಂದು ಹೇಳಿ ಅವಳನ್ನು ಒಪ್ಪಿಸಿ ಕರೆತರಲು ಅಣ್ಣ ಖಂಡೆಪ್ಪ, ಮುತ್ತಪ್ಪನಿಗೆ ತಿಳಿಸದೆ, ಹಿಂದಿನ ದಿನವೇ ಹೋಗಿದ್ದ.

"ಕಣ್ಣ ಮುಚ್ಚರಿ," ಎಂದ ಸನ್ಮತಿ ಮುತ್ತಪ್ಪನಿಗೆ, ಪುಣೆಯ ಗುರುವಿನಂತೆ ತಾನೂ ಮುಚ್ಚಿ. "ಕುರ್ಚಿ ಮ್ಯಾಲ ಯಾರ ಕುಂತಾರ?"

"ನಮ್ಮಣ್ಣ. ಹೇಂತಿ ಮುಂದ ನನ್ನ ಕಪಾಳಕ್ಕ ಹೊಡದಾಂವ."

"ಉಸಿರ ತಗೋರಿ. ನಾ ಅಂದ ಮ್ಯಾಲ ಹೊಡೀರಿ."

ಮುತ್ತಪ್ಪ ಗಳ ಹಿಡಿದು ಉಸಿರೆಳೆಯುತ್ತ ನಿಂತ. ಆಗ ಬಾಗಿಲಲ್ಲಿ ಖಂಡೆಪ್ಪ ಕಾಣಿಸಿದ; ಅವನ ಹಿಂದೆ, ಬಟ್ಟೆಯ ಗಂಟು ಹಿಡಿದ ಸೀತವ್ವ. ಮಾತಾಡುವಂತಿಲ್ಲವಾದ್ದರಿಂದ ಲಗಮಪ್ಪ ಎದ್ದು, ಕೈ ಜೋಡಿಸಿ, ಖಾಲಿ ಕುರ್ಚಿ ತೋರಿಸಿದ. ಧ್ಯಾನವಿರಬೇಕೆಂದುಕೊಂಡ ಖಂಡೆಪ್ಪ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಸಪ್ಪಳಿಲ್ಲದೆ ಕೂತ.

"ಹ್ಞೂಂ, ಹೊಡೀರಿ."

ಮೊದಲ ಏಟು ಹೆಗಲಿಗೆ ಬಿತ್ತು.

"ಏ ತಮ್ಮಾ, ನಾ ಅದೇನಿ," ಎಂದ ಖಂಡೆಪ್ಪ.

ಮುತ್ತಪ್ಪ ಕಣ್ಣು ತೆರೆದ. ಅಣ್ಣನನ್ನು ನೋಡಿದ, ತೊಡೆಯ ಮೇಲಿನ ದಿಂಬನ್ನೂ ನೋಡಿದ. ಎರಡನೆಯ ಏಟು ಹಣೆಗೆ, ಮೂರನೆಯದು ಬಾಯಿಗೆ. ಗಳ ಮುರಿದ ಮೇಲೆ ಮುಷ್ಟಿಯಿಂದ. ದಿಂಬಿನ ಬಿಳಿ ಗವಸಿನ ಮೇಲೆ ರಕ್ತ ಮತ್ತು ಕಬ್ಬಿನ ಹಾಲು ಕೂಡಿ ಇಳಿದವು.

"ಭಾಳ ಛಲೋ," ಎಂದ, ಇನ್ನೂ ಕಣ್ಣು ಮುಚ್ಚಿದ್ದ ಸನ್ಮತಿ. "ಎಲ್ಲಾ ಹೊರಗ ಬರ್ಲಿ."

ಕೊನೆಗೆ ನಿಯಮ ಮುರಿದವನು ಲಗಮಪ್ಪ. "ಮಾಸ್ತರ, ಕುರ್ಚಿ ಖಾಲಿ ಇಲ್ರಿ."

ಖಂಡೆಪ್ಪನ ಎರಡು ಹಲ್ಲು ಹೋದವು. ಸೀತವ್ವ ಹೊಸ್ತಿಲು ದಾಟಲಿಲ್ಲ. ಗಂಟು ಬಗಲಿಗೇರಿಸಿ, ಗೋಕಾಕದ ಬಸ್ಸು ಹತ್ತಿ ಕುಲಗೋಡಕ್ಕೆ ಹೋದಳು.