ಸುಮ್ಮನೆ ಕೂತವಳ ಸಾಕ್ಷಿ

ನನ್ನ ತಮ್ಮ ಬುದ್ಧಿವಂತ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಎರಡಕ್ಕೂ ವ್ಯತ್ಯಾಸವಿದೆ.

ನಮ್ಮ ಬಡಾವಣೆಯಲ್ಲಿ ಎರಡು ವರ್ಷ ಸರ್ಕಾರದ ಒಂದು ಪ್ರಯೋಗ ನಡೆಯಿತು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಒಂದಿಷ್ಟು ಹಣ. ಉಳ್ಳವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ. ಯಾಕೆ, ಏನು, ಎತ್ತ ಎಂದು ಯಾರೂ ಕೇಳುವಂತಿಲ್ಲ. ಅರಮನೆ ಕಟ್ಟುವಷ್ಟೇನಲ್ಲ, ಬಾಡಿಗೆ ಕೊಟ್ಟು ಎರಡು ಹೊತ್ತು ಉಣ್ಣುವಷ್ಟು.

ನಾನು ಆಗ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಹಾಸಿಗೆ ಬಟ್ಟೆ, ಬೆಳಗಿನಿಂದ ಸಂಜೆವರೆಗೆ ಸಿಮೆಂಟ್ ನೆಲದ ಮೇಲೆ ನಿಂತು. ಯಜಮಾನನಿಗೆ ನಾವಿಟ್ಟ ಹೆಸರು ಗಂಜಿ. ಬಟ್ಟೆಗೆ ಹಾಕಬೇಕಾದ ಗಂಜಿಯೆಲ್ಲ ಅವನ ಕತ್ತಿನಲ್ಲೇ ಇತ್ತು. ಕೂತರೆ ಕೆಲಸದವರಿಗೆ ಮೈಗಳ್ಳತನ ಬರುತ್ತದೆಂದು ಅವನು ಒಂದು ಸ್ಟೂಲನ್ನೂ ಇಡಿಸಿರಲಿಲ್ಲ. ನನ್ನ ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಡಾಕ್ಟರು ನಿಲ್ಲಬೇಡಿ ಎಂದರು, ಗಂಜಿ ಕೂರಬೇಡ ಎಂದ. ಇಬ್ಬರ ಮಾತೂ ನಡೆಸಬೇಕೆಂದರೆ ನಾನು ನೇತಾಡಬೇಕಿತ್ತು.

ತಿಂಗಳ ಹಣ ಬರತೊಡಗಿದ ಮೇಲೆ ಕೆಲಸ ಬಿಟ್ಟೆ. ಬಿಟ್ಟು ಏನು ಮಾಡಿದೆ? ಏನೂ ಇಲ್ಲ. ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು, ದಿಂಬಿನ ಮೇಲೆ ಕಾಲು ಚಾಚಿ, ಎರಡು ಮೂರು ತಿಂಗಳು ಸುಮ್ಮನೆ ಕೂತೆ. ಎದುರು ತಾರಸಿಯಲ್ಲಿ ಬಟ್ಟೆ ಒಣಗುವುದನ್ನು ನೋಡಿದೆ. ಅವನ್ನು ನಾನು ಇಸ್ತ್ರಿ ಮಾಡಬೇಕಾಗಿಲ್ಲ ಎನ್ನುವುದೇ ನನಗೆ ಸ್ವರ್ಗವಾಗಿತ್ತು. ಊತ ಇಳಿದ ಮೇಲೆ ಔಷಧಿ ಅಂಗಡಿಯೊಂದರಲ್ಲಿ ಕೂತು ಮಾಡುವ ಅರ್ಧ ದಿನದ ಕೆಲಸ ಸಿಕ್ಕಿತು. ಆ ಸಂಬಳವೊಂದರಿಂದಲೇ ಬಾಡಿಗೆ ಹುಟ್ಟುತ್ತಿರಲಿಲ್ಲ, ತಿಂಗಳ ಹಣ ಸೇರಿದರೆ ಹುಟ್ಟುತ್ತಿತ್ತು. ಅದು ನಿಂತರೆ ಮತ್ತೆ ಗಂಜಿಯ ಬಾಗಿಲೇ ಗತಿ.

ಹಾಗೆ ಕೂತಿದ್ದ ವಿಷಯ ತಮ್ಮನೊಬ್ಬನಿಗೇ ಹೇಳಿದ್ದೆ. ನಮ್ಮಂಥವರು ಸುಮ್ಮನೆ ಕೂತರೆ ಜನ ಕಾಯಿಲೆ ಎನ್ನುತ್ತಾರೆ, ಇಲ್ಲವೆ ಕೊಬ್ಬು ಎನ್ನುತ್ತಾರೆ.

ಪ್ರಯೋಗ ಮುಗಿಯುತ್ತ ಬಂದಾಗ ಇಡೀ ಬಡಾವಣೆ ಒಂದೇ ಮಾತು ಹಿಡಿಯಿತು: ಇದನ್ನು ಕಾನೂನು ಮಾಡಿ. ಕಾನೂನಾದರೆ ನಿಲ್ಲಿಸಿದವರನ್ನು ಕೋರ್ಟಿಗೆ ಎಳೆಯಬಹುದು. ಬರೀ ಯೋಜನೆಯಾದರೆ ಕೊಟ್ಟವರು ಬೇಕೆಂದಾಗ ಕಿತ್ತುಕೊಳ್ಳಬಹುದು. ಹೋರಾಟ ಸಮಿತಿಗೆ ನನ್ನ ತಮ್ಮನೇ ಮುಂದಾಳು. ಸರ್ಕಾರದ ವಿಚಾರಣಾ ಮಂಡಳಿ ಬಂದು ಜನರ ಮಾತು ಕೇಳುತ್ತದೆಂದು ಗೊತ್ತಾದ ದಿನ ಅವನು ನಮ್ಮ ಮನೆಗೆ ಬಂದ.

"ಅಕ್ಕ, ನೀನೂ ಮಾತಾಡ್ಬೇಕು."

"ಮಾತಾಡ್ತೀನಿ. ಕಾಲಿಗೆ ಔಷಧಿ ತಗೊಂಡೆ, ಹೊಸ ಕೆಲಸ ಹಿಡಿದೆ ಅಂತೀನಿ."

"ಅದನ್ನ ಎಲ್ಲರೂ ಹೇಳ್ತಾರೆ. ನೀನು ಸುಮ್ನೆ ಕೂತಿದ್ದನ್ನ ಹೇಳು. ಔಷಧಿ ಅಂಗಡಿ ಸುದ್ದಿ ಎತ್ಲೇಬೇಡ."

"ನಗ್ತಾರೆ ಕಣೋ."

"ನಗ್ಲಿ. ಹಕ್ಕು ಅಂದ್ಮೇಲೆ, ತಗೊಂಡು ಏನ್ ಮಾಡ್ದೆ ಅಂತ ಕೇಳೋಕೆ ಅವರ್ಯಾರು? ನಮ್ಮ ವಾದದ ಪ್ರಾಣಾನೇ ಅದು. ಅದನ್ನ ಹೇಳೋ ಧೈರ್ಯ ನಿನಗೊಬ್ಬಳಿಗೇ ಇರೋದು."

ಹೊಗಳಿದರೆ ಉಬ್ಬದವರು ಯಾರು? ಉಬ್ಬಿದೆ. ಅವನ ಮಾತು ಸರಿಯಾಗಿಯೂ ಇತ್ತು. ಇವತ್ತಿಗೂ ಸರಿ ಎಂದೇ ನನ್ನ ನಂಬಿಕೆ.

ಸಭಾಂಗಣ ಕಿಕ್ಕಿರಿದಿತ್ತು. ಪಕ್ಕದ ಮನೆಯವಳು ನನ್ನ ಕೈ ಹಿಡಿದು ಕೂತಿದ್ದಳು. ಮೊದಲು ರಾತ್ರಿ ಹೊತ್ತು ಆಫೀಸುಗಳನ್ನು ಗುಡಿಸುತ್ತಿದ್ದವಳು, ಈ ಹಣ ಬಂದ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಮನೆಯಲ್ಲೇ ಇದ್ದಳು. ನನ್ನ ಸರದಿ ಬಂತು. ಎದ್ದುನಿಂತು ಎಲ್ಲವನ್ನೂ ಹೇಳಿದೆ: ಕುರ್ಚಿ, ಕಿಟಕಿ, ದಿಂಬು. "ಹುಟ್ಟಿದಾಗಿನಿಂದ ನಾನು ಯಾರಪ್ಪಣೆಯೂ ಇಲ್ಲದೆ ಕೂತದ್ದು ಅದೇ ಮೊದಲು" ಎಂದೆ. ಒಂದಿಬ್ಬರು ನಕ್ಕರು, ಮಿಕ್ಕವರು ಸುಮ್ಮನಾದರು. ಗೆದ್ದೆ ಎಂದುಕೊಂಡೆ.

ಆಗ ತಮ್ಮ ಎದ್ದ.

"ಅಧ್ಯಕ್ಷರೇ, ಇವರು ನನ್ನ ಒಡಹುಟ್ಟಿದ ಅಕ್ಕ. ಇವರ ಮಾತು ನನ್ನ ಕಣ್ಣು ತೆರೆಸಿದೆ. ಹಕ್ಕು ಅಂತ ಮಾಡಿಬಿಟ್ಟರೆ ದುಡಿಯೋ ಕೈ ಕೂತುಬಿಡುತ್ತೆ. ಆದ್ದರಿಂದ ಸಮಿತಿ ಕಾನೂನಿನ ಬೇಡಿಕೆ ಬಿಡುತ್ತೆ. ದಿನಪೂರ್ತಿ ದುಡಿಯೋರಿಗೆ ಮಾತ್ರ ನೆರವು ಕೊಡೋ ಯೋಜನೆಗೆ ನಮ್ಮ ಒಪ್ಪಿಗೆ ಇದೆ."

ಪಕ್ಕದ ಮನೆಯವಳು ನನ್ನ ಕೈ ಬಿಟ್ಟಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ಹೊಸ ಯೋಜನೆ ಬಂತು, ಅದಕ್ಕೊಂದು ಕಚೇರಿ ಬಂತು, ಕಚೇರಿಗೆ ಮುಖ್ಯಸ್ಥನಾಗಿ ನನ್ನ ತಮ್ಮ ಬಂದ. ಬೀದಿಯ ಬಾಯಿಗೆ ನಾನು ಸಿಕ್ಕಿದೆ. ಕೂತು ತಿಂದವಳು, ಎಲ್ಲರ ಅನ್ನಕ್ಕೆ ಕಲ್ಲು ಹಾಕಿದವಳು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಹೇಳಿಕೊಟ್ಟವನು ಅವನು ಎಂದರೆ ಯಾರು ನಂಬುತ್ತಾರೆ?

ಒಂದು ಭಾನುವಾರ ಹಣ್ಣಿನ ಚೀಲ ಹಿಡಿದು ಬಂದ.

"ಅಕ್ಕ, ಕಾನೂನು ಅಂತೂ ಅವರು ಮಾಡ್ತಿರಲಿಲ್ಲ. ಪೂರ್ತಿ ಹೋಗೋದಕ್ಕಿಂತ ಅರ್ಧ ಉಳಿಸಿದೆ. ನಿಂದು ಅರ್ಧ ದಿನದ ಕೆಲಸ ಆದ್ರೂ ಹೆಸರು ಸೇರಿಸ್ತೀನಿ ಬಿಡು, ಯಾರಿಗೂ ಗೊತ್ತಾಗಲ್ಲ."

"ಒಂದು ಕೇಳ್ತೀನಿ. ಸಭೇಲಿ ಏನು ಹೇಳ್ಬೇಕು ಅಂತ ಹೇಳ್ಕೊಡೋಕೆ ಬಂದ್ಯಲ್ಲ, ಆವಾಗ್ಲೇ ಇದೆಲ್ಲ ಗೊತ್ತಿತ್ತಾ ನಿನಗೆ?"

ಅವನು ಹಣ್ಣಿನ ಚೀಲದ ಗಂಟು ಬಿಚ್ಚಿದ, ಮತ್ತೆ ಕಟ್ಟಿದ.

"ನೀನು ಅಷ್ಟು ಚೆನ್ನಾಗಿ ಹೇಳ್ತೀಯ ಅಂದ್ಕೊಂಡಿರ್ಲಿಲ್ಲ ಅಕ್ಕ."

ಪರರು ಕತ್ತು ಕೊಯ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವನು ನನ್ನ ಬಾಯಿಂದಲೇ ಕೊಯ್ಯಿಸಿದ್ದ. ಹಣ್ಣಿನ ಸಮೇತ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಮರುವಾರ ಗಂಜಿಯ ಲಾಂಡ್ರಿಗೆ ಹೋದೆ. ಹಳಬಳೆಂದು ಮರ್ಯಾದೆ ಕೊಟ್ಟ: ಮೊದಲಿಗಿಂತ ಕಡಿಮೆ ಸಂಬಳ.

ಒಂದು ಸಂಜೆ ಪಕ್ಕದ ಮನೆಯವಳು ಬಂದು ಬಾಗಿಲಲ್ಲೇ ನಿಂತಳು. ಅತ್ತೆಯ ಸೇವೆ ದುಡಿಮೆಯಲ್ಲವೆಂದು ಕಚೇರಿಯವರು ಅವಳನ್ನು ವಾಪಸು ಕಳಿಸಿದ್ದರು. ರಾತ್ರಿ ಕೆಲಸಕ್ಕೆ ಹೋದರೆ ಮುದುಕಿಗೆ ನೀರು ಕೊಡುವವರಿಲ್ಲ.

"ನಿನ್ನ ಮೇಲೆ ಸಿಟ್ಟಿದೆ ನನಗೆ," ಎಂದಳು. "ಆದ್ರೂ ಅವನು ನಿನ್ನ ತಮ್ಮ. ಒಂದು ಮಾತು ಹೇಳ್ತೀಯಾ?"

ನನ್ನ ಸಲುವಾಗಿಯಾಗಿದ್ದರೆ ಸತ್ತರೂ ಹೋಗುತ್ತಿರಲಿಲ್ಲ. ಅವಳ ಸಲುವಾಗಿ ಅರ್ಧ ದಿನ ರಜೆ ಹಾಕಿ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಮ್ಮನ ಮುಖ ಅರಳಿತು.

"ಕೂತ್ಕೋ ಅಕ್ಕ."

ಕೂರಲಿಲ್ಲ. ಪಕ್ಕದ ಮನೆಯವಳ ಕಷ್ಟವನ್ನು ನಿಂತೇ ಹೇಳಿದೆ. ಅವನು ಕೇಳಿಸಿಕೊಂಡು, ನನ್ನ ಹಿಂದಿನ ಸಾಲಿನ ಕಡೆ ನೋಡಿ, ದನಿ ಎತ್ತರಿಸಿದ.

"ಅಲ್ಲ, ದುಡ್ಡು ಕೊಟ್ರೆ ಆಕೆ ಏನ್ ಮಾಡ್ತಾರೆ? ಅದನ್ನ ನಾವು ಕೇಳ್ಬೇಕಾಗುತ್ತಲ್ಲ?"

ಕಾಲು ಸೆಳೆಯುತ್ತಿತ್ತು. ಕೈಗಳು ತಮ್ಮಷ್ಟಕ್ಕೆ ಒಂದನ್ನೊಂದು ಹಿಡಿದುಕೊಂಡಿದ್ದವು.

"ಆಕೆ ಒಂದು ಗಳಿಗೇನೂ ಸುಮ್ನೆ ಕೂರೋಳಲ್ಲ ಸಾರ್," ಎಂದೆ. "ನೀವು ದಯವಿಟ್ಟು ಮನಸ್ಸು ಮಾಡ್ಬೇಕು."

ಹಾಗೆಲ್ಲ ಕರೀಬೇಡ ಅಕ್ಕ ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. "ನೋಡೋಣ" ಎಂದು ನನ್ನ ಹಿಂದಿದ್ದವರನ್ನು ಕರೆದ.