ತಟ್ಟೆಯಂಚಿನ ದಾರ

ಸಾಸಿವೆಯ ಘಾಟು ಮೂಗಿಗೇರಿತು, ಅದಕ್ಕೇ ಕಣ್ಣಲ್ಲಿ ನೀರು, ಬೇರೇನಕ್ಕೂ ಅಲ್ಲ, ಉಲ್ರಿಕೆ ಮುಂಗೈಯಿಂದ ಒರೆಸಿಕೊಂಡಳು — ತೆಳ್ಳಗೆ ಕೊಯ್ಯಿಸಿ ತಂದ ದನದ ಮಾಂಸ, ಅದರ ಮೇಲೆ ಅರೆದ ಸಾಸಿವೆ, ಹಂದಿಕೊಬ್ಬಿನ ಪಟ್ಟಿ, ಈರುಳ್ಳಿ, ಉಪ್ಪುನೀರಿನ ಸೌತೆಕಾಯಿ, ಸುರುಳಿ ಸುತ್ತು, ದಾರ ಕಟ್ಟು, ಬಿಗಿಯಾಗಿ ಕಟ್ಟೇ, ಸಡಿಲ ಬಿಟ್ರೆ ಹೊಟ್ಟೇಲಿರೋದೆಲ್ಲ ಹೊರಗ್ ಬರುತ್ತೆ ಅನ್ನುತ್ತಿದ್ದಳು ಅಮ್ಮ, ಆಮೇಲೆ ಎಂಟು ವರ್ಷದ ಮಗಳು ಮೆರ್ಲೆ ಇದೇ ಮೇಜಿಗೆ ಸ್ಟೂಲು ಎಳೆದುಕೊಂಡು ಶೂಗೆ ಹಾಕುವ ಚಿಟ್ಟೆಗಂಟನ್ನೇ ಮಾಂಸಕ್ಕೂ ಹಾಕುತ್ತಿದ್ದಳು, ಈ ಮಾಂಸದ ಸುರುಳಿ, ರೂಲಾಡೆ, ಮೂರು ತಿಂದು ನಾಲ್ಕನೆಯದಕ್ಕೆ ಅಳುತ್ತಿದ್ದಳು — ಈಗ ಹದಿನೇಳು, ಊಟ ಬಿಟ್ಟು ಮೂಳೆಯಾದ ಹುಡುಗಿ, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಿದ್ದಾಳೆ, ನಾಳೆ ಬೆಳಿಗ್ಗೆ ತೂಕ, ನಲವತ್ತೊಂದು ಕಿಲೋಗಿಂತ ಇಳಿದರೆ ಮತ್ತೆ ಅಲ್ಲಿಗೇ, ಮೂಗಿನಲ್ಲಿ ನಳಿಕೆ, ದೇವರೇ, ಒಂದು ತಿನ್ನಲಿ, ಒಂದೇ ಒಂದು.

ಪಾತ್ರೆಯ ಕೆಂಪು ವೈನಿನಲ್ಲಿ ಸುರುಳಿಗಳು ಬೇಯುತ್ತಿವೆ, ಎರಡು ತಾಸಿನಿಂದ, ಮನೆಯೆಲ್ಲ ಭಾನುವಾರದ ಅದೇ ವಾಸನೆ, ಅಪ್ಪ ಬದುಕಿದ್ದಾಗಿನ ವಾಸನೆ, ಈ ಮನೆಯ ಆಟವೇ ಅದಾಗಿತ್ತು, ತಿಂದ ಒಂದೊಂದು ರೂಲಾಡೆಯ ದಾರವನ್ನೂ ತಟ್ಟೆಯಂಚಿಗೆ ಇಡಬೇಕು, ಊಟ ಮುಗಿದಾಗ ಅಪ್ಪ ಎದ್ದು ಎಲ್ಲರ ದಾರ ಎಣಿಸುವನು, ಗೆದ್ದವರಿಗೆ ಪಾತ್ರೆಯ ತಳದ ಗೊಜ್ಜು, ಬ್ರೆಡ್ಡಿನಲ್ಲಿ ಒರೆಸಿಕೊಂಡು — ಹೋದ ಕ್ರಿಸ್ಮಸ್ಸಿಗೆ ಮೆರ್ಲೆಯ ತಟ್ಟೆಯಂಚಿನಲ್ಲಿ ಎರಡು ದಾರ, ಉಲ್ರಿಕೆ ಮೇಜಿನಡಿಯಲ್ಲಿ ಗಂಡನ ಕಾಲು ತುಳಿದು ನೋಡ್ರೀ, ಎರಡು ಅಂದಿದ್ದಳು, ಎಷ್ಟು ಹಿಗ್ಗಿದ್ದಳು, ಜನವರಿಯಲ್ಲಿ ಒಗೆಯಲು ತೆಗೆದ ಮಗಳ ಕೋಟಿನ ಜೇಬಿನಲ್ಲಿ ಕಾಗದದ ಕರವಸ್ತ್ರ, ಅದರೊಳಗೆ ಬೂಷ್ಟು ಹಿಡಿದ ಎರಡು ಸುರುಳಿ, ದಾರವಿಲ್ಲದ್ದು, ಥೂ, ದಾರ ಎಣಿಸಿದವಳು ಮಗಳ ಮಣಿಕಟ್ಟು ನೋಡಲಿಲ್ಲ, ಯಾವ ಸೀಮೆಯ ತಾಯಿ ನಾನು — ಕಾಯ್ಬೇಡಿ, ಬೇಡ್ಕೋಬೇಡಿ, ಎಣಿಸ್ಬೇಡಿ ಅಂದಿದ್ದಾರೆ ಡಾಕ್ಟರು, ಆದ್ದರಿಂದಲೇ ಗಂಡನನ್ನು ತಿರುಗಾಡಲು ಅಟ್ಟಿದ್ದಾಳೆ, ಊಟದ ಕೋಣೆಯಲ್ಲಿ ಮಗಳಿಗೆ ಒಂದು ರೂಲಾಡೆ, ಒಂದು ಆಲೂಗಡ್ಡೆ ಉಂಡೆ ಬಡಿಸಿಟ್ಟು ಬಂದಿದ್ದಾಳೆ, ಕರವಸ್ತ್ರ ಮಾತ್ರ ಇಟ್ಟಿಲ್ಲ, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಸುಮ್ಮನೆ ನಿಂತಿದ್ದಾಳೆ, ಚಾಕುವಿನ ಸದ್ದು ಬಂತೇ, ಬಂತು, ಒಮ್ಮೆ, ನಲ್ಲಿ ನಿಲ್ಲಿಸಿದಳು, ಇಲ್ಲ, ಮತ್ತೆ ಇಲ್ಲ, ಗಡಿಯಾರ, ಇಗರ್ಜಿಯ ಗಂಟೆ, ಮತ್ತೆ ಚಾಕು, ಕುರ್ಚಿ ಕಿರುಗುಟ್ಟಿತು, ಅಮ್ಮಾ.

ಹೋದಳು, ಓಡಬಾರದು, ನಡೆದೇ ಹೋದಳು. ಉಂಡೆ ಮುರಿದು ಹರಡಿದೆ, ಗೊಜ್ಜು ಕದಡಿದೆ, ಮಾಂಸ ಇಲ್ಲ, ಮೆರ್ಲೆ ತನ್ನ ದೊಗಳೆ ಸ್ವೆಟರಿನಲ್ಲಿ ಕೂತಿದ್ದಾಳೆ, ಎರಡು ಕೈಯೂ ಮೇಜಿನಡಿ, ತುಟಿ ಒದ್ದೆಯೋ ಒಣಗಿದೆಯೋ, ತಿಂದೆ ಅಮ್ಮ, ಎಣಿಸ್ಕೋ, ಅಂದಳು. ಕೈ ಮೇಲೆತ್ತು ಅನ್ನಲೇ, ಅಂದಮೇಲೆ ಆ ಕೈ ಖಾಲಿಯಾಗಿದ್ದರೆ ಇವಳು ಇನ್ನೆಂದೂ ನನ್ನ ಮನೆಯಲ್ಲಿ ತುತ್ತು ಎತ್ತುವುದಿಲ್ಲ, ಅನ್ನದಿದ್ದರೆ ನಾಳೆ ಬೆಳಿಗ್ಗೆ ತಕ್ಕಡಿ — ಮಗಳು ನೋಡುತ್ತಿದ್ದಾಳೆ, ಉಲ್ರಿಕೆ ಮೇಜಿನ ಮೇಲೆ ಬಗ್ಗಿದಳು, ಬಿಳಿ ತಟ್ಟೆ, ಅದರಂಚು, ಅಂಚಿನ ಮೇಲೆ ಗೊಜ್ಜು ಹೀರಿ ಕಂದಾದ ದಾರ, ದಾರ, ಒಂದು.