ಇಪ್ಪತ್ತೆರಡು ದಿನಗಳ ಪ್ರಾರ್ಥನೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುವುದು ಇಬ್ಬರ ಕೆಲಸ. ಒಂದೊಂದು ತುದಿಗೆ ಒಬ್ಬೊಬ್ಬರು ನಿಂತು, ಎರಡೆರಡು ಮೂಲೆ ಹಿಡಿದು ಒಮ್ಮೆ ಜಗ್ಗಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೊಕ್ಕರೆ ಮತ್ತು ಪುಟ್ಟಿ ಇಪ್ಪತ್ತಾರು ವರ್ಷ ಹಾಗೆ ನಡೆದಿದ್ದರು. ಒಬ್ಬಳು ಉದ್ದಕ್ಕೆ, ಸಣ್ಣಗೆ, ಕತ್ತು ಮುಂದೆ ಚಾಚಿ ಹೆಜ್ಜೆ ಹಾಕುವವಳು. ಇನ್ನೊಬ್ಬಳು ಅವಳ ಭುಜಕ್ಕೂ ಬರದವಳು. ಆ ಹೆಸರುಗಳನ್ನು ಇಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಐವತ್ತೇಳು ತುಂಬಿ ಮೊಮ್ಮಗಳು ಬಂದ ಮೇಲೂ ಪುಟ್ಟಿ ಪುಟ್ಟಿಯೇ.

ಕೊಕ್ಕರೆ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಒಂದು ಬುಧವಾರ ಅದೇ ಆಸ್ಪತ್ರೆಗೆ ಸೇರಿದಳು. "ನಾವು ಮಡಚಿದ ಚಾದರದ ಮೇಲೆ ನಾನೇ ಮಲಗಿ ನೋಡ್ತೀನಿ. ಸುಕ್ಕಿದ್ರೆ ನಿನ್ನ ಮೇಲೆ ದೂರು ಕೊಡ್ತೀನಿ ಕಣೇ," ಅಂದಿದ್ದಳು. ಆಪರೇಷನ್ ಸುಸೂತ್ರವಾಗಿ ಆಯಿತು. ಶುಕ್ರವಾರ ಕೆಲಸ ಮುಗಿಸಿ ಪುಟ್ಟಿ ವಾರ್ಡಿಗೆ ಹೋದಾಗ ಅವಳು ಮಂಪರಿನಲ್ಲಿದ್ದಳು. ಕಣ್ಣು ಅರ್ಧ ತೆರೆದು, "ನನ್ನ ಚಪ್ಪಲಿ ಮಂಚದ ಕೆಳಗಿದೆ. ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ, ನೋಡ್ಕೋ," ಅಂದಳು. ಅದೇ ಕೊನೆಯ ಮಾತು. ಶನಿವಾರ ಬೆಳಕು ಹರಿಯುವಷ್ಟರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಉಸಿರು ನಿಂತಿತ್ತು. ಹೀಗೆ ಸಾವಿರಕ್ಕೊಬ್ಬರಿಗೆ ಆಗುತ್ತದೆ, ಯಾರದೂ ತಪ್ಪಲ್ಲ ಎಂದು ಡಾಕ್ಟರು ಹೇಳಿದರು.

ಆ ದಿನ ಒಂಬತ್ತು ಗಂಟೆಗೆ ಎಂದಿನಂತೆ ಆ ವಾರ್ಡಿನ ಬಟ್ಟೆಯ ಗಂಟುಗಳು ಲಾಂಡ್ರಿಗೆ ಬಂದವು. ಅವುಗಳಲ್ಲಿ ಒಂದರಲ್ಲಿ ಕೊಕ್ಕರೆ ಮಲಗಿದ್ದ ಚಾದರವಿತ್ತು. ಪುಟ್ಟಿ ಗಂಟುಗಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಎಲ್ಲ ಚಾದರಗಳಿಗೂ ಅದೇ ಬಿಳುಪು, ಅದೇ ನೀಲಿ ಅಂಚು. ಯಾವುದು ಅವಳದು ಎಂದು ಹೇಗೆ ಹೇಳುವುದು? ಎಲ್ಲವನ್ನೂ ಮಷೀನಿಗೆ ಹಾಕಿ ಮುಚ್ಚಳ ಮುಚ್ಚಿದಳು.

ಸೋಮವಾರ ಸಂಜೆ ಮಣ್ಣು ಮಾಡಿದರು. ಚರ್ಚಿನ ಹೆಂಗಸರು ಬಂದು ಪುಟ್ಟಿಯ ಕೈ ಹಿಡಿದು, ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ ಎಂದರು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಗಂಡನಿಗೆ, "ನಾವಿಬ್ಬರೂ ಇನ್ನೂ ಇಲ್ಲೇ ಯಾಕಿದೀವಿ ಅಂತ ಇವತ್ತು ಗೊತ್ತಾಯ್ತು," ಅಂದಳು. ಅವನು ನಗಬೇಕೋ ಬೇಡವೋ ತಿಳಿಯದೆ ಕಿಟಕಿಯ ಕಡೆ ನೋಡಿದ.

ಅದಾದ ಮೇಲೆ ಅವಳ ಪ್ರಾರ್ಥನೆ ನಿಂತುಹೋಯಿತು. ಬೇಕೆಂದು ನಿಲ್ಲಿಸಿದ್ದಲ್ಲ. ಸಂಜೆ ಮಂಡಿಯೂರುತ್ತಿದ್ದಳು, 'ತಂದೆಯೇ' ಎನ್ನುತ್ತಿದ್ದಳು, ಮುಂದಿನ ಮಾತು ಬರುತ್ತಿರಲಿಲ್ಲ. ಮಂಡಿ ನೋಯಲು ಶುರುವಾದಾಗ ಎದ್ದು ಅಡುಗೆಗೆ ಇಡುತ್ತಿದ್ದಳು. ಕೆಲಸದಲ್ಲಿ ಕೊಕ್ಕರೆಯ ಜಾಗಕ್ಕೆ ಇಬ್ಬರು ಮಕ್ಕಳ ತಾಯಿಯೊಬ್ಬಳು ಬಂದಳು. ಒಳ್ಳೆಯವಳೇ, ಆದರೆ ಜಗ್ಗುವ ಹೊತ್ತಿಗೆ ಸಡಿಲ ಬಿಡುತ್ತಿದ್ದಳು, ಸಡಿಲ ಬಿಡುವ ಹೊತ್ತಿಗೆ ಜಗ್ಗುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ಪುಟ್ಟಿಯ ಹೆಗಲು ಬಿದ್ದುಹೋಗುತ್ತಿತ್ತು. ಭಾನುವಾರ ಚರ್ಚಿಗೆ ಹೋಗಿ, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು ಬರುತ್ತಿದ್ದಳು. ಹಾಡುವಾಗ ಪಕ್ಕದಲ್ಲಿ ನಿಂತು ರಾಗ ತಪ್ಪುತ್ತಿದ್ದ ಕೊಕ್ಕರೆ ಇಲ್ಲದ್ದರಿಂದ ಅವಳಿಗೆ ತನ್ನ ರಾಗವೂ ಸಿಗುತ್ತಿರಲಿಲ್ಲ.

ಕೊಕ್ಕರೆ ತೀರಿಕೊಂಡ ಮೇಲಿನ ನಾಲ್ಕನೆಯ ಭಾನುವಾರ ಪಾದ್ರಿಗಳು ಬಾಗಿಲಲ್ಲಿ ಅವಳನ್ನು ನಿಲ್ಲಿಸಿದರು.

"ಟೀಚರಮ್ಮನ ಮನೆಗೆ ಈಗ ಯಾರೂ ಹೋಗ್ತಿಲ್ಲ. ನೀವು ಒಂದ್ಸಲ ಹೋಗಿ ಬರ್ತೀರಾ?"

ಟೀಚರಮ್ಮ ಎಂದರೆ ತೊಂಬತ್ತೊಂದು ವರ್ಷದ, ಕಣ್ಣು ಪೂರಾ ಹೋದ ಮುದುಕಿ. ಕೊಕ್ಕರೆ ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ವೇದಪುಸ್ತಕ ಓದಿ ಹೇಳುತ್ತಿದ್ದಳು. ಮಹಾಪ್ರಾಣ ತಪ್ಪಿದಾಗಲೆಲ್ಲ ಬೈಸಿಕೊಂಡು ಬಂದು, ಸೋಮವಾರ ಚಾದರ ಮಡಚುತ್ತ ಅದನ್ನೇ ಹೇಳಿಕೊಂಡು ನಗುತ್ತಿದ್ದಳು. "ಬೈಸಿಕೊಳ್ಳೋಕೆ ಬಸ್ ಹತ್ತಿ ಹೋಗ್ತಾರಾ ಯಾರಾದ್ರೂ? ನಿನಗೆ ತಲೆ ನೆಟ್ಟಗಿಲ್ಲ," ಎಂದು ಪುಟ್ಟಿ ರೇಗಿಸುತ್ತಿದ್ದಳು. ತಾನು ಒಮ್ಮೆಯೂ ಜೊತೆಗೆ ಹೋಗಿರಲಿಲ್ಲ.

"ಅಯ್ಯನವರೇ, ನನಗೆ ಸುಸ್ತು," ಎಂದಳು.

"ಗೊತ್ತಮ್ಮ," ಎಂದರು ಪಾದ್ರಿಗಳು. ಅಷ್ಟೇ, ಬೇರೆ ಬುದ್ಧಿಮಾತು ಹೇಳಲಿಲ್ಲ. ಹೇಳಿದ್ದರೆ ಅವಳು ಹೋಗುತ್ತಿರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿತ್ತು. ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು ಸುಧಾರಿಸಿಕೊಂಡು ಹತ್ತಿದಳು. ಬಾಗಿಲು ತೆರೆದ ಟೀಚರಮ್ಮನ ತಂಗಿಯ ಮಗಳು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಪಿಸುಗುಟ್ಟಿದಳು.

"ದೊಡ್ಡಮ್ಮನಿಗೆ ವಿಷಯ ಹೇಳಿಲ್ಲ. ಓದೋಕೆ ಬರ್ತಿದ್ದೋರಿಗೆ ಹುಷಾರಿಲ್ಲ ಅಂತ ಹೇಳಿದೀವಿ. ನೀವೂ ಹಾಗೇ ಹೇಳಿ, ದಯವಿಟ್ಟು."

ಒಳಗಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಕಿಟಕಿಯ ಬಳಿ ಬೆತ್ತದ ಕುರ್ಚಿ, ಮೇಜಿನ ಮೇಲೆ ಈಗ ಯಾವ ಕೆಲಸಕ್ಕೂ ಬಾರದ ನಾಲ್ಕು ಕನ್ನಡಕ. ಟೀಚರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಯಾರು? ಇದು ಕೊಕ್ಕರೆ ಹೆಜ್ಜೆ ಅಲ್ಲ."

"ನಾನು ಪುಟ್ಟಿ, ಟೀಚರ್. ಅವಳ ಜೊತೆ ಕೆಲಸ ಮಾಡೋಳು."

"ಓಹೋ. ನನ್ನ ಹತ್ತಿರ ಬರೋದಕ್ಕೆ ಅವಳಿಗೆ ತಲೆ ನೆಟ್ಟಗಿಲ್ಲ ಅಂತಿದ್ದೋಳು."

ಪುಟ್ಟಿ ಮಂಚದ ಅಂಚಿನಲ್ಲಿ ಕೂತಳು.

"ಹೇಗಿದಾಳೆ?"

ಬಾಗಿಲಲ್ಲಿ ನಿಂತಿದ್ದ ತಂಗಿಯ ಮಗಳು ಕೈಸನ್ನೆ ಮಾಡಿದಳು. ಒಂದು ಸುಳ್ಳು ಹೇಳಬೇಕಿತ್ತು, ಅಷ್ಟೇ. ಆದರೆ ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು. ಪುಟ್ಟಿಯಲ್ಲಿ ಅದೂ ಉಳಿದಿರಲಿಲ್ಲ.

"ತೀರಿಕೊಂಡಳು, ಟೀಚರ್."

ಟೀಚರಮ್ಮ ಅಲುಗಾಡಲಿಲ್ಲ. ಬೆರಳುಗಳು ಮಾತ್ರ ಕುರ್ಚಿಯ ಕೈ ಮೇಲೆ ಏನನ್ನೋ ಹುಡುಕಿ ಸುಮ್ಮನಾದವು.

"ಯಾವಾಗ?"

"ಇವತ್ತಿಗೆ ಇಪ್ಪತ್ತೆರಡು ದಿನ."

"ನನಗೆ ತೊಂಬತ್ತೊಂದು. ಸರದಿ ಅಂತ ಒಂದಿರುತ್ತೆ. ನಾನು ನಿಂತಿದ್ದೆನಲ್ಲ ಮುಂದೆ. ನನ್ನ ಪಕ್ಕದಲ್ಲೇ ನುಗ್ಗಿ ಹೋದಳಾ?"

ಬಾಗಿಲಲ್ಲಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

"ಏನಾದ್ರೂ ಹೇಳಿದಳಾ ಕೊನೇಲಿ?"

"ಚಪ್ಪಲಿ ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ, ನೋಡ್ಕೋ ಅಂದಳು."

"ಅವಳೇ," ಎಂದು ತಲೆಯಾಡಿಸಿದರು ಟೀಚರಮ್ಮ. ಆಮೇಲೆ ದನಿ ತಗ್ಗಿಸಿ ಹೇಳಿದರು: "ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅವಳಿಗೋಸ್ಕರ ಪ್ರಾರ್ಥನೆ ಮಾಡಿದೀನಿ ನಾನು. ಅವಳಿಗೆ ಎದ್ದು ಓಡಾಡೋ ಶಕ್ತಿ ಕೊಡು, ಕೆಲಸಕ್ಕೆ ಹೋಗೋ ಹಾಗೆ ಮಾಡು ಅಂತ. ಇಪ್ಪತ್ತೆರಡು ದಿನ, ಮಣ್ಣಲ್ಲಿ ಮಲಗಿರೋಳಿಗೆ. ದೇವರು ಏನಂದ್ಕೊಂಡಿರ್ತಾನೆ?"

"ನಾನು ಒಂದು ದಿನವೂ ಮಾಡಿಲ್ಲ, ಟೀಚರ್. ಬಾಯಿಗೇ ಬರಲ್ಲ." ಪುಟ್ಟಿ ತನ್ನ ಕೈಗಳನ್ನು ನೋಡಿಕೊಂಡಳು, ಸೋಡಾಪುಡಿಗೆ ಬೆರಳಿನ ತುದಿಗಳು ಬಿರಿದಿದ್ದವು. "ಆದ್ರೆ ದಿನಾ ಎದ್ದೆ. ಕೆಲಸಕ್ಕೂ ಹೋದೆ, ಒಂದು ದಿನ ತಪ್ಪಿಸಲಿಲ್ಲ. ಹೇಗೆ ಹೋದೆ ಅಂತ ನನಗೇ ಗೊತ್ತಿಲ್ಲ. ಅವಳಿಗೆ ಅಂತ ನೀವು ಕೇಳಿದ್ದು ನನಗೆ ಬಂತೋ ಏನೋ."

ಟೀಚರಮ್ಮ ಕಾಣದ ಕಣ್ಣನ್ನು ಅವಳ ಕಡೆ ತಿರುಗಿಸಿದರು. "ಹಾಗಂತೀಯಾ?"

"ನನಗೆ ಗೊತ್ತಿಲ್ಲ, ಟೀಚರ್. ಅನ್ನಿಸ್ತು, ಹೇಳಿದೆ."

"ಪುಸ್ತಕ ಮೇಜಿನ ಮೇಲಿದೆ. ತೊಗೋ. ಆ ಇಬ್ಬರು ಅಕ್ಕತಂಗಿಯರ ತಮ್ಮ ಸತ್ತ ಭಾಗ ಓದು."

ಪುಟ್ಟಿ ಹುಡುಕಿ ತೆಗೆದಳು. ಅವಳಿಗೆ ಓದು ಅಷ್ಟಕ್ಕಷ್ಟೇ. ಬೆರಳಿಟ್ಟುಕೊಂಡು ಅಕ್ಷರ ಅಕ್ಷರ ಕೂಡಿಸುತ್ತ ಹೋದಳು. ಟೀಚರಮ್ಮ ಎರಡು ಕಡೆ ಉಚ್ಚಾರ ತಿದ್ದಿದರು. ಕಾಯಿಲೆಯೆಂದು ಮೊದಲೇ ಹೇಳಿಕಳಿಸಿದ್ದರೂ, ತಮ್ಮನನ್ನು ಸಮಾಧಿ ಮಾಡಿ ನಾಲ್ಕು ದಿನವಾದ ಮೇಲೆ ಕರ್ತನು ಬರುತ್ತಾನೆ. ಅಕ್ಕ ಎದುರು ಹೋಗಿ, ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಮುಖದ ಮೇಲೇ ಹೇಳಿಬಿಡುತ್ತಾಳೆ. ಅಲ್ಲಿಗೆ ಬಂದಾಗ ಪುಟ್ಟಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ.

ಟೀಚರಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಅಳು ಇಳಿಯುವವರೆಗೂ ಕಾದರು.

"ಆ ಅಕ್ಕ ಬೈದಳು," ಎಂದರು ಆಮೇಲೆ. "ಬೈಸಿಕೊಂಡು ಅವನೇನೂ ಬೆನ್ನು ತಿರುಗಿಸಿ ಹೋಗಲಿಲ್ಲ. ಮುಂದೆ ಓದು. ಆ ಕತೆಯನ್ನ ಅಲ್ಲಿ ನಿಲ್ಲಿಸಬಾರದು."

ಪುಟ್ಟಿ ಮೂಗು ಒರೆಸಿಕೊಂಡು ಓದಿದಳು. ಕರ್ತನು ಅಳುತ್ತಾನೆ, ಕಲ್ಲು ಸರಿಸುತ್ತಾರೆ, ಸತ್ತವನು ಮೈತುಂಬ ಬಟ್ಟೆ ಸುತ್ತಿಕೊಂಡೇ ಎದ್ದು ಹೊರಗೆ ಬರುತ್ತಾನೆ. ಅಲ್ಲಿ ಅವಳು ಮತ್ತೆ ನಿಂತಳು.

"ಏನಾಯ್ತು?"

"ನಾಲ್ಕು ದಿನದ ಬಟ್ಟೆ, ಟೀಚರ್. ಯಾರು ಒಗೆದರೋ ಪಾಪ."

ಟೀಚರಮ್ಮನ ಹೆಗಲು ಕುಲುಕಿತು. ಪುಟ್ಟಿ ಅಳುತ್ತಿದ್ದಾರೆಂದುಕೊಂಡಳು, ನೋಡಿದರೆ ನಗುತ್ತಿದ್ದರು. "ನಿಮ್ಮಿಬ್ಬರಿಗೂ ಬೇರೆ ಯೋಚನೆಯೇ ಬರಲ್ಲವಾ? ಅವಳೂ ಇಲ್ಲೇ ನಿಲ್ಲಿಸಿ ಇದನ್ನೇ ಕೇಳಿದ್ದಳು. ಸೋಡಾಪುಡೀಲಿ ಒಂದು ರಾತ್ರಿ ನೆನೆಹಾಕಬೇಕು ಅಂತ ಬೇರೆ ಹೇಳಿದಳು."

ಪುಟ್ಟಿಗೂ ನಗು ಬಂತು. ನಗು ನಿಂತ ಮೇಲೆ ಟೀಚರಮ್ಮ ಕೈ ಚಾಚಿದರು; ಪುಟ್ಟಿ ಹಿಡಿದುಕೊಂಡಳು. ಟೀಚರಮ್ಮ ತಲೆ ಬಾಗಿಸಿ, ಎದುರಿಗೆ ಕೂತವರ ಹತ್ತಿರ ಮಾತಾಡುವ ಹಾಗೆ ಪ್ರಾರ್ಥಿಸಿದರು.

"ಕರ್ತನೇ, ಅವಳು ನಿನ್ನ ಹತ್ತಿರ ಬಂದಿದಾಳೆ. ನನಗೆ ಈಗ ಗೊತ್ತಾಯ್ತು. ಅವಳ ಕೈಲಿ ಓದಿಸಿ ಕೇಳು, ಚೆನ್ನಾಗಿ ಓದ್ತಾಳೆ. ಮಹಾಪ್ರಾಣ ಬರದಿದ್ರೆ ಬಿಟ್ಟುಬಿಡು. ನಾನು ಸುಮ್ಮನೆ ಬೈತಿದ್ದೆ."

"ಆಮೆನ್," ಎಂದಳು ಪುಟ್ಟಿ.

ಹೊರಡುವಾಗ ಟೀಚರಮ್ಮ, "ಮುಂದಿನ ವಾರ ಬರ್ತೀಯಾ?" ಎಂದು ಕೇಳಿದರು.

"ಮೆಟ್ಟಿಲು ಜಾಸ್ತಿ, ಟೀಚರ್. ನೋಡ್ತೀನಿ."

"ಬೇಗ ನೋಡು. ನನಗೇನು ಹೆಚ್ಚು ವಾರ ಇಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೈಯ ಸುಸ್ತೇನೂ ಇಳಿದಿರಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಲಾಂಡ್ರಿ, ಮತ್ತೆ ಆ ಹೆಂಗಸಿಗೆ ಜಗ್ಗುವುದನ್ನು ಕಲಿಸಬೇಕು. ಪುಟ್ಟಿ ಕಣ್ಣು ಮುಚ್ಚಿ, ತುಟಿ ಅಲುಗದಂತೆ, ತಂದೆಯೇ ಅಂದಳು. ಆಮೇಲೆ, ನೀನು ತಡಮಾಡಿದೆ ಅಂದಳು. ಅಲ್ಲಿಂದ ಶುರುವಾಗಿ, ಶುಕ್ರವಾರ ಸಂಜೆ ತಾನು ವಾರ್ಡಿನಿಂದ ಬೇಗ ಮನೆಗೆ ಹೊರಟುಬಂದದ್ದು, ಯಾವ ಚಾದರವೆಂದು ಗೊತ್ತಾಗದೆ ಹೋದದ್ದು, ಇಪ್ಪತ್ತೆರಡು ದಿನದ ಮಾತೆಲ್ಲ ಒಂದರ ಹಿಂದೊಂದು ಬಂದವು. ಬೈದಳು. ಬೈದು ಮುಗಿದ ಮೇಲೆ, ಅವಳನ್ನ ಚೆನ್ನಾಗಿ ನೋಡ್ಕೋ ಎಂದು ಕೇಳಿಕೊಂಡಳು.

ಕಣ್ಣು ತೆರೆದಾಗ ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಬಂದಿದ್ದಳು. ಕಂಡಕ್ಟರ್ ಏನೋ ಗೊಣಗಿ ಸೀಟಿ ಊದಿದ. ಅವಳು ಇಳಿದು, ಒಮ್ಮೆ ಸೊಂಟ ನೆಟ್ಟಗೆ ಮಾಡಿಕೊಂಡು, ಮನೆಯ ಕಡೆ ನಿಧಾನವಾಗಿ ನಡೆಯತೊಡಗಿದಳು.